ಸಿಗಾರಿಗೆ ಬಂದ ಮಣೂಕದ ವಾಸನೆ

"ಇದು ನನ್ನ ಸಿಗಾರ್ ಅಲ್ಲ," ಎಂದು ಲಗಮಣ್ಣ ಮರದ ಪೆಟ್ಟಿಗೆಯಿಂದ ಕೈ ತೆಗೆದಾಗ, ಬೆಂಕಿಕಡ್ಡಿ ಹಿಡಿದಿದ್ದ ನನ್ನ ಕೈ ಅಲ್ಲೇ ನಿಂತಿತು.

ಲಗಮಣ್ಣ ಅಕ್ಕೋಳದಲ್ಲಿ ತಂಬಾಕು ಬೆಳೆದೇ ತಲೆ ಬೆಳ್ಳಗೆ ಮಾಡಿಕೊಂಡವರು. ಭಾನುವಾರ ಮಧ್ಯಾಹ್ನ ಅವರ ಮನೆಯಲ್ಲಿ ಊಟವಾದ ಮೇಲೆ ನಾವು ನಾಲ್ವರು ಎರಡು ಬಗೆಯ ಸಿಗಾರ್ ಹಚ್ಚಿ, ಯಾವುದು ಮೇಲೆಂದು ಸಂಜೆಯವರೆಗೆ ಹಟ ಹಿಡಿದು ವಾದಿಸುವುದು ರೂಢಿ. ಆ ದಿನದ್ದು ದೊಡ್ಡ ಪಂದ್ಯ. ಲಗಮಣ್ಣನ ಮಗಳು ಮನೀಷಾ ಹತ್ತು ವರ್ಷದ ಹಿಂದೆ ತಂದುಕೊಟ್ಟ ಸಿಗಾರುಗಳಲ್ಲಿ ಉಳಿದಿದ್ದ ಕೊನೆಯದೊಂದು; ಅದಕ್ಕೆ ಎದುರಾಗಿ, ಅದೇ ಜಾತಿಯ ಹೊಸದನ್ನು ಕಾಗವಾಡದ ದ್ರಾಕ್ಷಿ ಬೆಳೆಗಾರ ವಿಕ್ರಾಂತ ತಂದಿದ್ದ.

"ಸುತ್ತಿದ ಕಾಗದದ ಪಟ್ಟಿ ಅದ ಐತಲ್ರಿ," ಎಂದೆ.

"ಪಟ್ಟಿ ಏನ ನೋಡ್ತೀರಿ ಮಾಸ್ತರ. ನಂದರ ಮೈಮ್ಯಾಲ ಬೆಳ್ಳಗ ಹುಡಿ ಇತ್ತು. ಇದು ಮೊನ್ನೆ ಹುಟ್ಟಿದ ಕೂಸಿನಂಗ ನುಣ್ಣಗ ಐತಿ." ಪೆಟ್ಟಿಗೆಯ ಬೀಗ ನೋಡಿ ಕೇಳಿದರು: "ಕೀಲಿ ಯಾರ ಹಂತ್ಯಾಕ ಇರತೈತಿ?"

ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಸಿಗಾರ್ ಒಣಗಬಾರದೆಂದು ಪೆಟ್ಟಿಗೆಯೊಳಗಿನ ಸ್ಪಂಜಿಗೆ ಅಳತೆಯಾಗಿ ನೀರು ಹಾಕುವ ಕೆಲಸ ನಿಪ್ಪಾಣಿಯ ಗುಮಾಸ್ತ ಸಮಾಧಾನನದು. ಕೀಲಿಯೂ ಅವನದೇ.

ಸಮಾಧಾನ ಎದ್ದು ಕೀಲಿಯನ್ನು ಮೇಜಿನ ಮೇಲಿಟ್ಟ. "ಆರು ವರ್ಷ ನೀರು ಹಾಕೀನ್ರಿ ಕಾಕಾ. ಇವತ್ತ ಕಳ್ಳ ಆದ್ನಿ. ಬರ್ತೀನಿ. ಇನ್ನ ಬರೂದಿಲ್ಲ."

"ನಿಂದರು," ಎಂದಿತು ಜೋಕಾಲಿಯಿಂದ ಒಂದು ದನಿ.

ಅದು ಸುಂದರಾಬಾಯಿ. ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಮೂವತ್ತು ವರ್ಷ ಎಲೆಯನ್ನು ಮೂಸಿ ಮೂಸಿ ಬೇರ್ಪಡಿಸಿದಾಕೆ. ಈಗ ನಮ್ಮ ಮನೆಯ ಅಟ್ಟದ ಬಾಡಿಗೆದಾರಳು. ಓಣಿಯಲ್ಲಿ ಏನೇ ಕಳೆದರೂ ಜನ ಆಕೆಯನ್ನು ಕೇಳಲು ಮೊದಲು ನಮ್ಮ ಮೆಟ್ಟಿಲು ಹತ್ತುತ್ತಾರೆ. ಹೊಗೆ ಆಕೆಗೆ ಆಗದು. ಹಚ್ಚದ ಎಲೆಯ ವಾಸನೆಗೆಂದೇ ನನ್ನ ಜೊತೆ ಬರುತ್ತಿದ್ದಳು.

"ಹೋದ ವಾರ ನಾ ಬಂದಿರಲಿಲ್ಲ. ಅವತ್ತ ನೀರು ಹಾಕುಮುಂದ ಪೆಟಗಿ ಬಿಟ್ಟು ಎದ್ದಿದ್ದೇನ?"

"ನೀರು ತರಾಕ ಒಳಗ ಹೋಗಿದ್ನಿ. ಪೆಟಗಿ ತೆರದಿತ್ತು."

"ಇಲ್ಲಿ ಯಾರಿದ್ರು?"

"ನಾನು, ವಿಕ್ರಾಂತ," ಎಂದೆ. "ನಾ ಪೇಪರ್ ಓದಾಕತ್ತಿದ್ನಿ."

"ಹಂಗಾರ ಮಾಸ್ತರ್ರೂ ಆರೋಪಿನ," ಎಂದು ನಕ್ಕು, ಪೆಟ್ಟಿಗೆಯ ಸಿಗಾರನ್ನು ಮೂಗಿನ ಹತ್ತಿರ ಹಿಡಿದಳು. ಆಮೇಲೆ ವಿಕ್ರಾಂತ ತಂದದ್ದನ್ನೂ ಮೂಸಿದಳು. "ಇದು ನಿನಗ ಯಾವಾಗ ಬಂತಪಾ?"

"ನಿನ್ನಿ ಬಂತ್ರಿ. ಪುಣೆದಿಂದ, ಕೊರಿಯರದಾಗ." ವಿಕ್ರಾಂತ ಎರಡನೇ ಲೋಟ ನೀರು ಕುಡಿದ.

"ಮಾಸ್ತರ, ನೀವೂ ಮೂಸ್ರಿ."

ಎರಡನ್ನೂ ಮೂಸಿದೆ. ತಂಬಾಕಿನ ಹಿಂದೆ ಇನ್ನೊಂದು ಸಿಹಿ ವಾಸನೆ. "ಒಣದ್ರಾಕ್ಷಿ?"

"ಮಣೂಕ," ಎಂದಳು ಸುಂದರಾಬಾಯಿ. "ತಂಬಾಕಿನ ಎಲಿ ಬಾಜೂದ್ದರ ವಾಸನಿ ಕುಡೀತೈತಿ, ಆದ್ರ ಸಾವಕಾಶ ಕುಡೀತೈತಿ. ಒಂದ ದಿನದಾಗ ಇಷ್ಟ ಹತ್ತೂದಿಲ್ಲ. ಇವೆರಡೂ ತಿಂಗಳಾನಗಟ್ಟಲೆ ಮಣೂಕದ ಖೋಲ್ಯಾಗ ಇದ್ದು ಬಂದಾವು. ನಮ್ಮೊಳಗ ಅಂಥಾ ಖೋಲಿ ಯಾರಿಗೈತಿ?"

ವಿಕ್ರಾಂತ ತಲೆ ತಗ್ಗಿಸಿದ.

"ಕಾಗವಾಡದಾಂವ ಕದ್ದಾನಂದ್ರ…" ಲಗಮಣ್ಣನ ದನಿ ಏರಿತು.

"ಸ್ವಲ್ಪ ತಡೀರಿ. ಕದಿಯಾಂವ ಅಷ್ಟ ರೊಕ್ಕದ ಹೊಸಾದ ಇಟ್ಟ ಹೋಗ್ತಾನೇನ್ರಿ? ಇಂವಗ ಹಳೇದು ಬೇಕಾಗಿರಲಿಲ್ಲ, ಅದು ಪೆಟಗ್ಯಾಗ ಇರೂದ ಬ್ಯಾಡಾಗಿತ್ತು. ಯಾಕ? ನೀವ ಹೇಳಿದ್ರಲ್ಲ, ಬೆಳ್ಳನ ಹುಡಿ. ಮಣೂಕ ಮಾಡೋರ ಕಣ್ಣಿಗೆ ಒಣಗಿದ್ದರ ಮ್ಯಾಲೆ ಬೆಳ್ಳಗ ಕಂಡ್ರ ಅದು ಬೂಸರ. ಒಂದಕ್ಕ ಬೂಸರ ಹತ್ತಿದ್ರ ಪೆಟಗಿನ ಹಾಳು, ಅದಕ್ಕ ಆರಿಸಿ ತಗೀತಾರ."

"ಎರಡ ವಾರದ ಹಿಂದ ನೋಡಿದ್ನ್ರಿ," ಎಂದ ವಿಕ್ರಾಂತ, ನೆಲ ನೋಡುತ್ತ. "ಹತ್ತು ವರ್ಷ ಜ್ವಾಕಿ ಮಾಡಿದ್ದು ಕೆಟ್ಟೈತಿ ಅಂತ ಕಾಕಾಗ ಹ್ಯಾಂಗ ಹೇಳ್ಲಿ? ಈ ಪಂದ್ಯಕ್ಕಂತ ಮೊದಲ ಎರಡು ತರಿಸಿ ಇಟ್ಟಿದ್ನಿ. ಹೋದ ವಾರ ಒಂದು ಬದಲಿ ಇಟ್ಟೆ. ಹಳೇದು ಒಗಿಯಾಕ ಮನಸ ಆಗಲಿಲ್ಲ. ಗಾಡ್ಯಾಗ ಐತಿ."

ತಂದ. ಕರವಸ್ತ್ರದಲ್ಲಿ ಸುತ್ತಿತ್ತು. ಸುಂದರಾಬಾಯಿ ಬೆರಳ ತುದಿಯಿಂದ ಒರೆಸಿದಳು. ಬಿಳುಪು ಹೋಗಿ ಎಣ್ಣೆ ಸವರಿದಂತೆ ಕಂದು ಎಲೆ ಹೊಳೆಯಿತು.

"ಬೂಸರಾಗಿದ್ರ ಕಲಿ ಉಳೀತಿತ್ತು. ಇದು ಎಲಿ ಪಕ್ವ ಆಗಿ ಬಿಟ್ಟ ಹುಡಿ. ನಿಮ್ಮ ಹಸಿ ದ್ರಾಕ್ಷಿ ಮ್ಯಾಲಿನ ಬೆಳ್ಳನ ಹುಡಿ ತೋರಿಸಿ ಗಿರಾಕಿಗೆ ಮಾರ್ತಿ, ಇಲ್ಲಿ ಗುರ್ತ ಸಿಗಲಿಲ್ಲೇನಲೇ?"

ಲಗಮಣ್ಣನಿಗೂ ನಗು ಬಂತು. ಆಕೆ ನಗಲಿಲ್ಲ.

"ಸಿಗಾರಿಗೆ ಏನೂ ಆಗಿಲ್ಲ ವಿಕ್ರಾಂತ. ಸಮಾಧಾನ ಕೀಲಿ ಇಟ್ಟಾಗ ನೀ ಸುಮ್ಮನ ಕುಂತಿ ನೋಡು, ಅದು ಬೂಸರ."

ವಿಕ್ರಾಂತ ಎದ್ದು ಸಮಾಧಾನನ ಕೈ ಹಿಡಿದುಕೊಂಡ. "ಬಾಯಿ ಬರಲಿಲ್ಲೋ. ತಪ್ಪಾತು."

ಲಗಮಣ್ಣ ಹಳೆಯ ಸಿಗಾರನ್ನು ಮೆಲ್ಲಗೆ ಒತ್ತಿದರು. ಒಣ ಸದ್ದು ಬಂತು. ವಾರವಿಡೀ ಗಾಡಿಯ ಬಿಸಿಲಿನಲ್ಲಿತ್ತಲ್ಲ. "ಇವತ್ತ ಹಚ್ಚಿದ್ರ ಬರೇ ಖಾರ. ತಿಂಗಳಾದ್ರೂ ಪೆಟಗ್ಯಾಗ ನೀರು ಕುಡೀಬೇಕು." ಕೀಲಿಯನ್ನೆತ್ತಿ ಸಮಾಧಾನನ ಮುಂದೆ ಹಿಡಿದರು. "ನನಗ ಆ ಅಳತಿ ಗೊತ್ತಿಲ್ಲ. ಕೇಳಬಾರದ್ದ ಕೇಳಿದ್ನಿ. ಹೊಟ್ಟ್ಯಾಗ ಹಾಕ್ಕೋ."

ಸಮಾಧಾನ ಕೀಲಿ ಮುಟ್ಟಲಿಲ್ಲ. "ನೀರು ಹಾಕ್ತೀನ್ರಿ ಕಾಕಾ. ಆದ್ರ ಕೀಲಿ ಹಾಕೂದ ಬಿಟ್ಟಬಿಡ್ರಿ."

ಹಾಗೆನ್ನುತ್ತಲೇ ಲೋಟ ಹಿಡಿದು ಒಳಗೆ ನೀರಿಗೆ ಹೋದ, ಪೆಟ್ಟಿಗೆಯನ್ನು ತೆರೆದೇ ಬಿಟ್ಟು. ಅವನು ಬರುವವರೆಗೆ ನಾವು ಯಾರೂ ಅದರ ಕಡೆ ಬಗ್ಗಲಿಲ್ಲ. ನಾನಂತೂ ಪೇಪರನ್ನೂ ಮಡಿಚಿಟ್ಟಿದ್ದೆ.