ಹಲಗೆಯ ಮೇಲಿನ ಎಳೆಗೂದಲು

1934ರ ನವೆಂಬರ್ 12, ಸೋಮವಾರ, ಬೆಳಿಗ್ಗೆ 9.20. ಟೋಕಿಯೋದ ಅಸಾಕುಸಾ ಪೇಟೆಯ ಠಾಣೆಗೆ ಚಿತ್ರ ಪ್ರಕಾಶಕ ಕಾನಾಮೊರಿ ಏದುಸಿರು ಬಿಡುತ್ತ ಬಂದ. ಅವನ ಅಚ್ಚುಮನೆಯಿಂದ ಚಿತ್ರ ಕೆತ್ತಿದ ಚೆರಿ ಮರದ ಅಚ್ಚಿನ ಹಲಗೆಯೊಂದು ಕಳುವಾಗಿತ್ತು. ಇನ್‌ಸ್ಪೆಕ್ಟರ್ ಹತಾನಾಕ ದೂರು ದಾಖಲಿಸಿಕೊಂಡರು.

"ಯಾವ ಚಿತ್ರದ್ದು?"

"ಹೆಂಗಸು ಪಾತ್ರೆ ತೊಳೆಯೋಕೆ ಮುಂಚೆ ಅಂಗಿ ತೋಳನ್ನ ದಾರದಿಂದ ಎತ್ತಿ ಕಟ್ಕೊಳ್ತಿರೋದು. ಹಳೇದು ಸಾಹೇಬ್ರೇ. ಇವತ್ತು ಹತ್ತರಿ ಹೊಡ್ಸಿ ನುಣ್ಣಗೆ ಮಾಡಿ, ಅದೇ ಹಲಗೆ ಮೇಲೆ ಹೊಸ ಚಿತ್ರ ಕೆತ್ಸೋದಿತ್ತು."

"ಅಳಿಸಿಬಿಡೋ ಹಲಗೇನ ಯಾರ್ರೀ ಕದೀತಾರೆ?"

"ಅದೇ ನಂಗೂ ತಲೆಬುಡ ತಿಳೀತಿಲ್ಲ!"

10.05ಕ್ಕೆ ಸ್ಥಳ ಮಹಜರು. ಗೋಡೆಯ ಮೇಲೆ ಆ ಚಿತ್ರದ ಕಾಗದದ ಪ್ರತಿಯಿತ್ತು. ಹೆಂಗಸು ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಾಳೆ. ಬಿಂಕವಿಲ್ಲ, ಬಿನ್ನಾಣವಿಲ್ಲ, ಕೆಲಸದ ಅವಸರ ಮಾತ್ರ. ಕತ್ತಿನ ಹಿಂದೆ ಜಾರಿದ ಎಳೆಗೂದಲನ್ನು ಒಂದೊಂದಾಗಿ ಎಣಿಸಬಹುದು. ಅಬ್ಬಾ, ಮರದಲ್ಲಿ ಇದನ್ನು ಬಿಡಿಸಿದ ಕೈ ಎಂಥದ್ದಿರಬೇಕು! ಹತಾನಾಕ ಹೆಂಡತಿಯನ್ನು ಮನೆಯಲ್ಲಿ ದಿನವೂ ಹೀಗೇ ಕಂಡಿದ್ದರು, ಆದರೆ ಒಂದು ದಿನವೂ ನಿಂತು ನೋಡಿರಲಿಲ್ಲ.

"ಸಾರ್, ಈ ಕಳ್ಳ ಕಪಾಟು ಓರಣ ಮಾಡಿ ಹೋಗಿದಾನೆ!" ಕಾನ್‌ಸ್ಟೇಬಲ್ ಇಗಾರಾಶಿ ಕೂಗಿದ.

ನಿಜ. ಉಳಿದ ರಾಶಿಗಳಲ್ಲಿ ಹಲಗೆಗಳು ಒಂದರ ಮೇಲೊಂದು ಬಿದ್ದಿದ್ದವು. ಹಲಗೆ ಕಳುವಾದ ರಾಶಿಯಲ್ಲಿ ಮಾತ್ರ ಪ್ರತಿ ಎರಡು ಹಲಗೆಗಳ ನಡುವೆ ಬಿದಿರಿನ ಕಡ್ಡಿ ಇಟ್ಟಿತ್ತು.

"ಯಾರು ಹೀಗೆ ಜೋಡಿಸೋದು?" ಅಚ್ಚುಮನೆಯ ಮುದ್ರಕ ಉಎಕಿಯನ್ನು ಹತಾನಾಕ ಕೇಳಿದರು.

"ಗಾಳಿ ಆಡದಿದ್ರೆ ಹಲಗೆ ಸೊಟ್ಟಗಾಗುತ್ತೆ ಅಂತ ಹಳೇ ಕೆತ್ತನೆಯವರು ಇಡ್ತಿದ್ರು. ಈಗ ಒಸಾನಾಯ್ ಅಜ್ಜ ಒಬ್ನೇ..." ಅಂದವನೇ ನಾಲಿಗೆ ಕಚ್ಚಿಕೊಂಡ.

11.40, ಒಸಾನಾಯ್ ಮನೆ. ಅಜ್ಜ ಹಲಗೆಯನ್ನು ಬಚ್ಚಿಟ್ಟೇ ಇರಲಿಲ್ಲ. ಅದು ಅವನ ತೊಡೆಯ ಮೇಲಿತ್ತು.

"ಯಾಕಜ್ಜ ಕದ್ದೆ?"

"ಚಿತ್ರಗಾರ ಕೂದಲಿಗೆ ಬರೀ ಅಂಚು ಗೀಚಿ ಕೊಡ್ತಾನೆ ಸಾಹೇಬ್ರೇ. ಎಳೆ ಬಿಡಿಸೋದು ಕೆತ್ತೋನ ಪಾಲು. ಇದನ್ನ ನನ್ನ ಹೆಂಡ್ತಿ ಓಕಿನೊ ಕತ್ತು ನೋಡಿ ಬಿಡಿಸಿದ್ದು. ಅವಳು ಹೋಗಿ ಏಳು ವರ್ಷ."

"ಕಾಗದದ ಪ್ರತಿ ಕೇಳಿದ್ರೆ ಕೊಡ್ತಿರ್ಲಿಲ್ವ?"

"ಇಂಥ ಎಳೆ ಬಿಡಿಸಿ ಬಿಡಿಸೀನೇ ಕಣ್ಣು ಹೋಯ್ತು. ಕಾಗದ ನಂಗ್ಯಾಕೆ? ಇದ್ರಲ್ಲಾದ್ರೆ ಬೆರಳಿಗೆ ಸಿಕ್ತಾಳೆ."

12.10ಕ್ಕೆ ಬಂಧನ ದಾಖಲಾಯಿತು.

ಠಾಣೆಯಲ್ಲಿ ಕಾನಾಮೊರಿ ಕೈಚಾಚಿದ. "ಹಲಗೆ ಕೊಡಿ, ಹತ್ತರಿಯವನು ಕಾಯ್ತಿದಾನೆ."

"ಕೇಸು ಮುಗಿಯೋವರೆಗೂ ಇದು ಮುದ್ದೆಮಾಲು. ಇದರ ಮೇಲೆ ಒಂದು ಗೀರು ಬಿದ್ರೂ ನಿಮ್ಮನ್ನೇ ಒಳಗೆ ಹಾಕ್ತೀನಿ."

ತಪ್ಪೊಪ್ಪಿಗೆಗೆ ಹೆಬ್ಬೆಟ್ಟು ಒತ್ತಲು ಹೊರಟಿದ್ದ ಅಜ್ಜ ತಲೆಯೆತ್ತಿದ. "ಕೇಸು ಎಷ್ಟು ದಿನ ನಡೆಯುತ್ತೆ?"

"ಒಪ್ಕೊಂಡ್ರೆ ಒಂದು ವಾರ. ಇಲ್ಲಾಂದ್ರೆ ವರ್ಷಾನೂ ಆದೀತು."

ಅಜ್ಜ ಹೆಬ್ಬೆರಳಿನ ಮಸಿಯನ್ನು ಅಂಗಿಗೆ ಒರೆಸಿಕೊಂಡ.

"ಹಾಗಾದ್ರೆ ನಾನು ಕದ್ದೇ ಇಲ್ಲ ಅಂತ ಬರ್ಕೊಳ್ಳಿ."

ಹತಾನಾಕ ಹೊಸ ಹಾಳೆ ತೆಗೆದರು.