ಕಾಲುವೆಯಲ್ಲಿ ಯಾರಾದರೂ ಇದ್ದಾರೆಯೇ?

ಘೋಡಗೇರಿ ಬಳಿಯ ಕಾಲುವೆ ಕಚೇರಿಯಲ್ಲಿ, ಗೇಟು ಎತ್ತುವ ಹಳೆಯ ಯುನಿಕ್ಸ್ ಪ್ರೋಗ್ರಾಮನ್ನು ಹೊಸ ಲಿನಕ್ಸ್ ಕಂಪ್ಯೂಟರಿಗೆ ಹೊಂದಿಸುತ್ತಿದ್ದೆ. ಬಟ್ಟೆ ಒಗೆಯಲು ಇಳಿದವರು ಕೊಚ್ಚಿಹೋಗದಿರಲೆಂದು, ನೀರು ಬಿಡುವ ಮುನ್ನ ಅದು, "ಕಾಲುವೆಯಲ್ಲಿ ಯಾರಾದರೂ ಇದ್ದಾರೆಯೇ?" ಎಂದು ಕೇಳಿ ನಮ್ಮ ಉತ್ತರಕ್ಕೆ ಕಾಯಬೇಕು. ಮಧ್ಯಾಹ್ನ ಓಡಿಸಿ ನೋಡಿದೆ. ನಾನು ಕೀಲಿ ಒತ್ತುವ ಮೊದಲೇ ಪರದೆಯ ಮೇಲೆ ಉತ್ತರ ಮೂಡಿತು: "ನಾ ಅದೀನ್ರಿ."

ಹಳೆಯ ಯಂತ್ರದ ಕಸ ಉಳಿದಿರಬೇಕೆಂದು ಸಾಲುಸಾಲನ್ನೂ ತಿದ್ದಿದೆ. ಮತ್ತೆ ಅದೇ ಉತ್ತರ. ಕೋಣೆಯಲ್ಲಿ ಬಟ್ಟೆ ಸಾಬೂನಿನ ವಾಸನೆ ಹಬ್ಬಿತ್ತು.

ಗೇಟು ಕಾಯುವ ದುರ್ಗಪ್ಪ ಕಾಲುವೆಗಿಳಿದು ನೋಡಿ ಬಂದ. "ಯಾರೂ ಇಲ್ರಿ ಸಾಹೇಬ್ರ, ಬರೇ ಒಣಾ ಮಣ್ಣೈತಿ," ಎಂದ. ಅವನ ಧೋತರದಿಂದ ನೀರು ಸೋರುತ್ತಿತ್ತು.

ಪ್ರಶ್ನೆಯ ಸಾಲನ್ನೇ ಅಳಿಸಿ, ಕೀಬೋರ್ಡಿನ ವೈರು ಕಿತ್ತು, ಮೌಸಿನಿಂದ ಓಡಿಸಿದೆ. ಗೇಟು ಎದ್ದಿತು, ನೀರು ಭೋರ್ಗರೆಯಿತು. ಯಾರೂ ಕೇಳದಿದ್ದರೂ ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಮೂಡಿದವು: "ಇನ್ನೂ ಅದೀನ್ರಿ."