ಶೇಷಮ್ಮನ ಛತ್ರದ ಜಗಲಿ

ರಸ್ತೆ ದಾಟಿ ಬರದ ಆ ಮನುಷ್ಯನಿಗೆ ಯಶಶ್ರೀ ಮೊದಲ ದಿನವೇ ಮನಸ್ಸಿನಲ್ಲಿ ‘ಮಹಾರಾಜ’ ಎಂದು ಹೆಸರಿಟ್ಟುಬಿಟ್ಟಿದ್ದಳು.

“ಮೇಡಂ, ಎದುರುಗಡೆ ಕಾಂಡಿಮೆಂಟ್ಸ್ ಅಂಗಡಿ ಮುಂದೆ ನಿಂತಿದೀನಿ. ಮದುವೆ ಫೋಟೋಗಳ ಹಾರ್ಡ್ ಡಿಸ್ಕ್ ತಂದಿದೀನಿ, ಬಂದು ತಗೊಳ್ತೀರಾ?” ಎಂದಿದ್ದ ಅವನು ಫೋನಿನಲ್ಲಿ.

“ನೀವೇ ಬರ್ಬೋದಲ್ವಾ? ನಾನಿಲ್ಲಿ ಧೂಳಲ್ಲಿ ಮುಳುಗಿದೀನಿ.”

“ಇಲ್ಲೇ ಸರಿ ಮೇಡಂ.”

ಆಟೋಗಳಿಗೆ ಕೈ ಅಡ್ಡ ಹಿಡಿಯುತ್ತ ಅವಳೇ ದಾಟಿಹೋದಳು. ಹಾರ್ಡ್ ಡಿಸ್ಕ್ ಕೊಟ್ಟವನು ಅವಳ ಮುಖವನ್ನು ಒಂದು ಗಳಿಗೆ ನೋಡಿ, “ಹುಬ್ಬಿನ ಮೇಲೆ ಸಿಮೆಂಟಿದೆ” ಎಂದು ಹೇಳಿ ಹೊರಟುಹೋದ. ಅವಳಿಗೆ ಮೈಯೆಲ್ಲ ಉರಿಯಿತು. ಉರಿಯ ಜೊತೆಗೆ ಇನ್ನೇನೋ ಇತ್ತು, ಅದಕ್ಕೆ ಅವಳು ಹೆಸರಿಡಲಿಲ್ಲ.

ಚಾಮರಾಜಪೇಟೆಯ ಶೇಷಮ್ಮನ ಛತ್ರ ಭಯೋತ್ಪಾದಕರ ಬಾಂಬಿಗೆ ಬಿದ್ದು ವರ್ಷ ಕಳೆದಿತ್ತು. ಆರತಕ್ಷತೆಯ ಸಂಜೆ ಯಾರೋ ಮುಂದಿನ ಜಗಲಿಯ ಮೇಲೆ ಬ್ಯಾಗೊಂದನ್ನು ಬಿಟ್ಟುಹೋಗಿದ್ದರು. ಎಂಟು ಜನ ಸತ್ತರು. ಮುಂಭಾಗ ಕುಸಿಯಿತು, ಹಿಂದೆಯೇ ಹತ್ತಿಕೊಂಡ ಬೆಂಕಿ ಉಳಿದದ್ದನ್ನೂ ತಿಂದಿತು. ಅರ್ಧ ಪೇಟೆಯ ಜನ ಹಾರ ಬದಲಾಯಿಸಿಕೊಂಡ ಜಾಗ ಅದು. ಮತ್ತೆ ಕಟ್ಟುವ ಹೊಣೆ ಆರ್ಕಿಟೆಕ್ಟ್ ಯಶಶ್ರೀಯ ಹೆಗಲೇರಿತ್ತು. ಟ್ರಸ್ಟಿನ ಅಧ್ಯಕ್ಷರಾದ ರಾಮಾನುಜ ಮೇಷ್ಟ್ರು ಹೇಳಿದ್ದು ಒಂದೇ ಮಾತು: “ಹೇಗಿತ್ತೋ ಹಾಗೇ ಬೇಕಮ್ಮ.”

ಹೇಗಿತ್ತು ಎನ್ನುವುದೇ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹಳೆಯ ನಕ್ಷೆ ಬೆಂಕಿಯಲ್ಲಿ ಹೋಗಿತ್ತು. ಉಳಿದಿದ್ದು ಮದುವೆಯ ಫೋಟೋಗಳು ಮಾತ್ರ. ಅವನ್ನು ಎರಡು ತಲೆಮಾರಿನಿಂದ ತೆಗೆಯುತ್ತ ಬಂದದ್ದು ಪಕ್ಕದ ಬೀದಿಯ ಒಂದು ಸ್ಟುಡಿಯೋ. ಅದರ ಈಗಿನ ಒಡೆಯನೇ ವಸಂತ್, ಅವಳ ಮಹಾರಾಜ.

ಹೀಗಾಗಿ ಸಂಜೆ ಹೊತ್ತು ಯಶಶ್ರೀ ಅವನ ಸ್ಟುಡಿಯೋದಲ್ಲಿ ಕುಳಿತು ಯಾರ್ಯಾರದೋ ಮದುವೆ ನೋಡತೊಡಗಿದಳು. ಮದುಮಗಳ ಜಡೆಗೂ ಸೋದರತ್ತೆಯ ಭುಜಕ್ಕೂ ನಡುವೆ ಒಂದು ಗೇಣು ಕಂಬ. ಹೋಮದ ಹೊಗೆಯ ಹಿಂದೆ ಅರ್ಧ ಕಮಾನು.

“ಒಂದು ಕಂಬಾನೂ ಪೂರ್ತಿ ಕಾಣ್ಸಲ್ವಲ್ರೀ. ಎಲ್ಲಾ ಬ್ಲರ್.”

“ಕಂಬಕ್ಕೆ ಯಾರು ಮೇಡಂ ಫೋಟೋ ತೆಗೆಸ್ತಾರೆ? ಹುಡುಗಿ ಶಾರ್ಪಾಗಿರ್ಬೇಕು, ಉಳಿದ ಲೋಕ ಮಂಕಾಗ್ಬೇಕು. ಅದೇ ನಮ್ಮ ಬಿಸಿನೆಸ್ಸು.”

ಹೇಳುವಾಗ ಅವನು ಸ್ಕ್ರೀನ್ ನೋಡುತ್ತಿರಲಿಲ್ಲ. ಯಶಶ್ರೀ ಸುಮ್ಮನೆ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು. ಆಮೇಲೆ ಯಾಕಾದರೂ ಸಿಕ್ಕಿಸಿದೆನೋ ಎಂದುಕೊಂಡಳು.

ಕಂಬಗಳೆಲ್ಲ ಸಿಕ್ಕವು, ಜಗಲಿ ಮಾತ್ರ ಸಿಗಲಿಲ್ಲ. ಅಲ್ಲಿ ಸದಾ ಚಪ್ಪಲಿಗಳ ರಾಶಿ, ಅದರ ಮುಂದೆ ನಿಂತು ಫೋಟೋ ಬೇಕೆಂದವರಿಲ್ಲ.

“ಹಾಗಾದ್ರೆ ಸೈಟಿಗೆ ಬಂದು ತೋರ್ಸಿ. ಮಹಾರಾಜರು ಒಂದು ಸಲ ರಸ್ತೆ ದಾಟಿದ್ರೆ ಕಿರೀಟ ಬಿದ್ದುಹೋಗುತ್ತಾ?”

ಮೌಸಿನ ಮೇಲಿದ್ದ ಅವನ ಕೈ ನಿಂತಿತು.

“ಬಾಂಬ್ ಬಿದ್ದ ಸಂಜೆ ಅಪ್ಪ ಆ ಜಗಲಿ ಮೇಲೇ ಕೂತು ಲೆನ್ಸ್ ಒರೆಸ್ತಿದ್ರು. ನಾನು ಒಳಗೆ ಸ್ಟೇಜ್ ಹತ್ರ ಇದ್ದೆ.” ಅವನು ನಿಧಾನವಾಗಿ ಹೇಳಿದ. “ಅವತ್ತಿಂದ ಆ ಕಡೆ ಕಾಲು ಏಳಲ್ಲ ಮೇಡಂ. ಎಷ್ಟೋ ಸಲ ಫುಟ್‌ಪಾತಿಂದ ಇಳಿದಿದೀನಿ. ವಾಪಸ್ ಬಂದುಬಿಡ್ತೀನಿ.”

ಯಶಶ್ರೀಗೆ ತನ್ನ ನಾಲಿಗೆಯನ್ನೇ ನುಂಗಿಬಿಡಬೇಕೆನಿಸಿತು. ಆರಿಹೋಗಿದ್ದ ಅವನ ಕಾಫಿ ಲೋಟ ಎತ್ತಿಕೊಂಡು ಹೋಗಿ ಬಿಸಿ ಕಾಫಿ ತಂದಿಟ್ಟಳು. ಅವನು ಕುಡಿದ. ಕ್ಷಮೆ ಕೇಳಿದ್ದೂ ಕೊಟ್ಟದ್ದೂ ಅಷ್ಟರಲ್ಲೇ ಇಬ್ಬರಿಗೂ ಅರ್ಥವಾಯಿತು.

ಕೆಲಸ ನಡೆದಂತೆಲ್ಲ ಅದರ ಫೋಟೋ ತೆಗೆಯುವುದನ್ನು ಅವನೇ ಒಪ್ಪಿಕೊಂಡ. ಛತ್ರದ ಎದುರಿನ ಫುಟ್‌ಪಾತಿನಲ್ಲಿ ನಿಂತು ಉದ್ದ ಲೆನ್ಸಿನಲ್ಲಿ ತೆಗೆದು ಕಳಿಸುತ್ತಿದ್ದ. ಒಂದು ದಿನ ಅವಳು ಫೋನ್ ಮಾಡಿದಳು.

“ಏನ್ರೀ ಇದು, ಎಲ್ಲಾದ್ರಲ್ಲೂ ನಾನೇ ಇದೀನಿ. ಕಟ್ಟಡ ಎಲ್ಲಿ?”

“ಹಿಂದೆ ಇದೆಯಲ್ಲ, ನೋಡಿ.”

“ಬ್ಲರ್ ಆಗಿದೆ.”

“ಅಭ್ಯಾಸ ಬಲ ಮೇಡಂ” ಎಂದ ಅವನು. ರಸ್ತೆಯಾಚೆ ಅವನು ನಗುತ್ತಿದ್ದದ್ದು ಅವಳಿಗೆ ಕಾಣುತ್ತಿತ್ತು. ನಡುವೆ ಬಸ್ಸು ಬಂತು. ಅದು ಸರಿದುಹೋಗುವಷ್ಟು ಹೊತ್ತನ್ನೂ ಅವಳು ಸಹಿಸದಾದಳು.

ಅಷ್ಟರಲ್ಲಿ ಮೇಷ್ಟ್ರು ಹೊಸ ಮಾತು ತೆಗೆದರು. ಜಗಲಿಯ ಜಾಗದಲ್ಲಿ ಕರಿಕಲ್ಲು ನಿಲ್ಲಿಸಿ, ಮಡಿದವರ ಹೆಸರು ಕೆತ್ತಿಸಿ, ಸುತ್ತ ಸರಪಳಿ ಹಾಕಿಸೋಣ.

“ಹೇಗಿತ್ತೋ ಹಾಗೇ ಅಂದಿದ್ರಿ ಮೇಷ್ಟ್ರೇ. ಸರಪಳಿ ಇರ್ಲಿಲ್ವಲ್ಲ.”

“ನನ್ನ ಕೈಯಲ್ಲೇನಿದೆಯಮ್ಮ? ಕಳಕೊಂಡವರು ಹೇಳ್ಬೇಕು. ಆ ಮನೆಗಳವರೆಲ್ಲ ವಸಂತನ ಮಾತಿಗೆ ಬಿಟ್ಟಿದಾರೆ.”

ಯಶಶ್ರೀ ತನ್ನ ನಕ್ಷೆ ಹಿಡಿದು ಸ್ಟುಡಿಯೋಗೆ ಹೋದಳು. ಅದರಲ್ಲಿ ಜಗಲಿ ಮೊದಲಿನಂತೆಯೇ ತೆರೆದೇ ಇತ್ತು. ಎಂಟು ಹೆಸರುಗಳು ಹಿಂದಿನ ಗೋಡೆಯಲ್ಲಿ, ಕೂತವರ ತಲೆಯ ಎತ್ತರಕ್ಕೆ. ವಸಂತ್ ಬಹಳ ಹೊತ್ತು ನೋಡಿದ.

“ಇಲ್ಲಿ ಜನ ಕೂರ್ತಾರೆ.”

“ಕೂರ್ಲಿ ಅಂತಾನೇ.”

“ಕೂತು ಚಪ್ಪಲಿ ಬಿಡ್ತಾರೆ. ಕಡ್ಲೆಕಾಯಿ ಸಿಪ್ಪೆ ಹಾಕ್ತಾರೆ. ನಮ್ಮಪ್ಪ ಸತ್ತ ಜಾಗ ಅದು.”

“ನಿಮ್ಮಪ್ಪ ಕೂರ್ತಿದ್ದ ಜಾಗಾನೂ ಹೌದಲ್ವಾ? ಯಾರೂ ಮುಟ್ಟದ ಹಾಗೆ ಮಾಡಿದ್ರೆ ಆ ಬ್ಯಾಗ್ ಇಟ್ಟವನೇ ಗೆದ್ದ ಹಾಗಲ್ವಾ, ವಸಂತ್?”

“ನಿಮಗೆ ಇದು ಡ್ರಾಯಿಂಗು” ಎಂದ ಅವನು. “ನನಗಲ್ಲ.”

ಅವಳು ಹಾಳೆ ಸುತ್ತಿಕೊಂಡು ಹೊರಗೆ ಬಂದಳು. ಅದಾದ ಮೇಲೆ ಫೋಟೋಗಳು ಬರುತ್ತಿದ್ದವು, ಫೋನು ಬರುತ್ತಿರಲಿಲ್ಲ. ಫೋಟೋಗಳಲ್ಲಿ ಕಟ್ಟಡ ಸ್ಪಷ್ಟವಾಗಿತ್ತು, ಒಂದೊಂದು ಇಟ್ಟಿಗೆಯೂ ಎಣಿಸುವಷ್ಟು. ಅವಳು ಎಲ್ಲಿಯೂ ಇರಲಿಲ್ಲ.

ಜಗಲಿಯ ವಿಷಯ ತೀರ್ಮಾನಿಸಬೇಕಿದ್ದ ಟ್ರಸ್ಟಿನ ಸಭೆಯ ಹಿಂದಿನ ದಿನ ಬೆಳಿಗ್ಗೆ ಯಶಶ್ರೀ ಗಾರೆಯವರಿಗೆ ಹೇಳಿ, ಸಿಮೆಂಟು ಹಾಕದೆ, ಇಟ್ಟಿಗೆಗಳನ್ನು ಬರಿದೇ ಪೇರಿಸಿ ಜಗಲಿಯ ಅಳತೆ ನೋಡುತ್ತಿದ್ದಳು. ಎತ್ತರ ಸರಿಯೇ, ಅಗಲ ಸಾಕೇ. ಮೇಲೆ ಹಲಗೆ ಹಾಸಿ ಅವಳು ಹಿಂದೆ ಸರಿದದ್ದೇ ತಡ, ಕಲಾಸಿಪಾಳ್ಯದಿಂದ ತರಕಾರಿ ಹೊತ್ತು ಬಂದ ವಯಸ್ಸಾದ ದಂಪತಿ ಯಾರನ್ನೂ ಕೇಳದೆ ಅದರ ಮೇಲೆ ಕುಳಿತುಬಿಟ್ಟರು.

“ಬದನೆಕಾಯಿ ಬೇಡ ಅಂದೆ, ಕೇಳಿದ್ರಾ?” ಅಜ್ಜಿ ಚಪ್ಪಲಿ ಕಳಚಿ ಕಾಲು ನೀವಿಕೊಂಡರು. “ಈಗ ನೀವೇ ಹೊತ್ಕೊಳಿ.”

“ಹೊರ್ತೀನಿ ಬಿಡೇ. ನಿನ್ನನ್ನೇ ಇಷ್ಟು ವರ್ಷ ಹೊತ್ತಿಲ್ವಾ?”

ಅಜ್ಜಿ ಸೆರಗಿನಿಂದ ಅವರ ತೋಳಿಗೆ ಮೆಲ್ಲಗೆ ಒಂದು ಬಡಿದು ನಕ್ಕರು. ಹಲ್ಲಿಲ್ಲದ ಆ ನಗುವಿನ ಮೇಲೆ ಬೆಳಗಿನ ಬಿಸಿಲು ಬಿತ್ತು.

ಯಶಶ್ರೀ ಎದುರು ಫುಟ್‌ಪಾತ್ ನೋಡಿದಳು. ವಸಂತ್ ಕ್ಯಾಮೆರಾ ಎತ್ತಿದ್ದ. ಒಂದು ಆಟೋ ಅಡ್ಡ ಬಂತು, ಅವನು ಪಕ್ಕಕ್ಕೆ ಸರಿದ. ಒಂದು ಟೆಂಪೋ ಬಂದು ನಿಂತಿತು. ಅವನು ಅಸಹನೆಯಿಂದ ಫುಟ್‌ಪಾತ್ ಇಳಿದು, ಟೆಂಪೋ ಬಳಸಿ ಮುಂದೆ ಬಂದ. ಕಣ್ಣು ಕ್ಯಾಮೆರಾದಲ್ಲೇ ನೆಟ್ಟಿತ್ತು. ಯಾರೋ ಹಾರ್ನ್ ಹೊಡೆದು ಬೈದರು, ಅವನಿಗೆ ಕೇಳಲಿಲ್ಲ.

“ಅಜ್ಜಿ, ಹಂಗೇ ಇರಿ. ತಾತ, ಸ್ವಲ್ಪ ಅವ್ರ ಹತ್ರ ಸರೀರಿ” ಎಂದ, ಮೂರು ಅಡಿ ದೂರದಿಂದ.

ಕ್ಲಿಕ್ಕೆಂದಿತು. ಕ್ಯಾಮೆರಾ ಇಳಿಸಿ ನೋಡಿದ. ತನ್ನ ಕಾಲು ನೋಡಿದ, ಹಿಂದೆ ಉಳಿದ ರಸ್ತೆ ನೋಡಿದ. ಯಶಶ್ರೀ ಹತ್ತಿರ ಬಂದು ಅವನ ಮೊಣಕೈ ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ. ಹಾಗೇ ಕುಸಿದಂತೆ ಹಲಗೆಯ ಮೇಲೆ, ಅಜ್ಜಿಯ ಪಕ್ಕದಲ್ಲಿ ಕುಳಿತ. ಅಂಗೈಯನ್ನು ಇಟ್ಟಿಗೆಯ ಮೇಲಿಟ್ಟು ಅತ್ತ.

“ಯಾಕಪ್ಪ, ಬಿಸಿಲು ಹತ್ತಿತಾ?” ಅಜ್ಜಿ ಅವನ ಬೆನ್ನು ಸವರಿದರು.

“ಇಲ್ಲಜ್ಜಿ. ತುಂಬಾ ದಿನ ಆಗಿತ್ತು ಬಂದು.”

ಸ್ವಲ್ಪ ಹೊತ್ತಿನ ಮೇಲೆ ಅವನು ಮುಖ ಒರೆಸಿಕೊಂಡು ಯಶಶ್ರೀಯನ್ನು ನೋಡಿದ. ಉದ್ದ ಲೆನ್ಸಿಲ್ಲದೆ, ನಡುವೆ ಬಸ್ಸಿಲ್ಲದೆ.

“ಸರಪಳಿ ಬೇಡ ಅಂತ ಮೇಷ್ಟ್ರಿಗೆ ಹೇಳ್ತೀನಿ. ಉಳಿದ ಮನೆಯವ್ರನ್ನೂ ಇಲ್ಲಿಗೇ ಕರ್ಕೊಂಡ್ಬರ್ತೀನಿ. ಕೂತು ನೋಡ್ಲಿ. ಅವತ್ತು ಅಷ್ಟು ಕೆಟ್ಟದಾಗಿ ಮಾತಾಡ್ಬಾರ್ದಿತ್ತು ನಿಮ್ಮ ಹತ್ರ.”

“ಫೋಟೋದಿಂದ ನನ್ನನ್ನ ತೆಗೆದುಹಾಕಿದ್ದು ಅದಕ್ಕಿಂತ ಕೆಟ್ಟದು” ಎಂದಳು ಅವಳು.

ಅಜ್ಜಿಗೆ ಅರ್ಧ ಅರ್ಥವಾಯಿತು, ಉಳಿದರ್ಧ ಬೇಕಿರಲಿಲ್ಲ. “ಮತ್ತೆ ಛತ್ರ ಎದ್ದ ಮೇಲೆ ಮೊದಲ್ನೇ ಮದುವೆ ಯಾರದಮ್ಮ?”

“ಗೊತ್ತಿಲ್ಲಜ್ಜಿ” ಎಂದಳು ಯಶಶ್ರೀ. ಅವಳ ಕೈ ಇನ್ನೂ ಅವನ ಮೊಣಕೈಯ ಮೇಲೇ ಇತ್ತು. “ಆದ್ರೆ ಅದಕ್ಕೆ ಬೇರೆ ಯಾರಾದ್ರೂ ಫೋಟೋಗ್ರಾಫರ್‌ನ ಹುಡುಕ್ಬೇಕು.”

“ಯಾಕೆ, ನಾನಿಲ್ವಾ?” ಎಂದ ವಸಂತ್, ನೊಂದವನಂತೆ.

ಅವಳು ಅವನನ್ನೇ ನೋಡುತ್ತ ನಿಂತಳು, ಮದುಮಗ ತನ್ನ ಮದುವೆಯ ಫೋಟೋ ತಾನೇ ತೆಗೆಯಲಾರ ಎಂಬುದು ಅವನಿಗೆ ಅರ್ಥವಾಗುವವರೆಗೆ.